ಗೇರ್ ಬಾಕ್ಸ್ ಆಯಿಲ್ ತಾನಾಗಿ ಕಡಿಮೆಯಾಗುವುದಿಲ್ಲ

ಬಾನೆಟ್ ಎತ್ತಿ ಇಂಜಿನ್ ಆಯಿಲ್ ನೋಡುವವರು ತುಂಬಾ ಜನ ಇದ್ದಾರೆ. ಕೂಲೆಂಟ್ ನೋಡುತ್ತಾರೆ, ಬ್ರೇಕ್ ಆಯಿಲ್ ನೋಡುತ್ತಾರೆ, ವೈಪರ್ ನೀರನ್ನೂ ತುಂಬಿಸುತ್ತಾರೆ. ಗೇರ್ ಬಾಕ್ಸ್ ಆಯಿಲ್ ಮಾತ್ರ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಚ್ಚಿನ ಮ್ಯಾನುಯಲ್ ಗೇರ್ ಬಾಕ್ಸ್‌ಗಳಿಗೆ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೊಂದು ಎಚ್ಚರಿಕೆ ದೀಪವೂ ಇಲ್ಲ, ನೋಡಬೇಕೆಂದರೆ ಕಾರಿನ ಅಡಿಗೆ ಹೋಗಲೇಬೇಕು. ಹಾಗಾಗಿ ಗೇರ್ ಬಾಕ್ಸ್ ಕೂಗಲು ಶುರು ಮಾಡಿದ ಮೇಲೇ ಅದರ ನೆನಪು ಬರುತ್ತದೆ. ಅಷ್ಟರಲ್ಲಿ ಬೇರಿಂಗ್ ಸವೆದಿರುತ್ತದೆ. ಆಮೇಲೆ ಆಯಿಲ್ ಹಾಕಿದರೆ ಸದ್ದು ಸ್ವಲ್ಪ ತಗ್ಗಬಹುದು, ಸವೆದ ಲೋಹ ಮಾತ್ರ ವಾಪಸ್ ಬರುವುದಿಲ್ಲ.

ಇಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಉರಿದುಹೋಗುತ್ತದೆ. ಪಿಸ್ಟನ್ ರಿಂಗ್ ದಾಟಿ ಒಂದಿಷ್ಟು ಮೇಲೆ ಹೋಗಿ ಪೆಟ್ರೋಲ್ ಜೊತೆ ಸುಡುತ್ತದೆ, ಅದು ಸಹಜ. ಗೇರ್ ಬಾಕ್ಸ್ ಒಳಗೆ ಬೆಂಕಿಯೇ ಇಲ್ಲ. ಅದು ಮುಚ್ಚಿದ ಡಬ್ಬಿ. ಒಳಗಿನ ಆಯಿಲ್ ಹಳತಾಗಬಹುದು, ಕಪ್ಪಾಗಬಹುದು, ಖರ್ಚಾಗುವುದಿಲ್ಲ. ಮಟ್ಟ ಇಳಿದಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗಿದೆ, ಅಥವಾ ಹಿಂದಿನ ಸಲ ತುಂಬಿಸಿದವರೇ ಕಡಿಮೆ ಹಾಕಿದ್ದಾರೆ. ಮೂರನೆಯ ಸಾಧ್ಯತೆ ಇಲ್ಲ. ಆದ್ದರಿಂದ ಗೇರ್ ಆಯಿಲ್ ಮಟ್ಟ ನೋಡುವುದೆಂದರೆ ಎಷ್ಟು ಕಡಿಮೆ ಇದೆಯೋ ಅಷ್ಟು ತುಂಬಿಸಿ ಕೈ ತೊಳೆಯುವ ಕೆಲಸವಲ್ಲ. ಅದು ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೆಲಸದ ಮೊದಲ ಹೆಜ್ಜೆ. ಟಾಪ್ ಅಪ್ ಆಮೇಲಿನ ಮಾತು.

ಒಳಗೆ ಏನು ನಡೆಯುತ್ತದೆ

ಇಂಜಿನ್‌ನಲ್ಲಿ ಆಯಿಲ್ ಪಂಪ್ ಇರುತ್ತದೆ. ಅದು ಒತ್ತಡ ಹಾಕಿ ಆಯಿಲನ್ನು ಮೇಲೆ ಕಳಿಸುತ್ತದೆ. ಸಾಮಾನ್ಯ ಮ್ಯಾನುಯಲ್ ಗೇರ್ ಬಾಕ್ಸ್‌ನಲ್ಲಿ ಪಂಪ್ ಇರುವುದಿಲ್ಲ, ಫಿಲ್ಟರ್ ಕೂಡ ಇರುವುದಿಲ್ಲ. ಕೆಳಗಿನ ಗೇರ್‌ಗಳು ಆಯಿಲ್‌ನಲ್ಲಿ ಅರ್ಧ ಮುಳುಗಿರುತ್ತವೆ, ತಿರುಗುವಾಗ ಆಯಿಲನ್ನು ಎತ್ತಿ ಎರಚುತ್ತವೆ. ಹಾಗೆ ಹಾರಿದ ಆಯಿಲ್ ಮೇಲಿನ ಗೇರ್‌ಗಳಿಗೂ ಬೇರಿಂಗ್‌ಗಳಿಗೂ ಬೀಳುತ್ತದೆ. ಕೆಲವು ಗೇರ್ ಬಾಕ್ಸ್‌ಗಳಲ್ಲಿ ಸಣ್ಣ ತೊಟ್ಟಿಗಳೂ ಕಾಲುವೆಗಳೂ ಇರುತ್ತವೆ. ಎರಚಿದ ಆಯಿಲ್ ಅದರಲ್ಲಿ ಸೇರಿ ದೂರದ ಬೇರಿಂಗ್ ಕಡೆಗೆ ಹರಿಯುತ್ತದೆ.

ಮಟ್ಟ ಇಳಿದಾಗ ಎಲ್ಲ ಕಡೆಗೂ ಒಂದೇ ಸಮನಾಗಿ ಕಡಿಮೆಯಾಗುವುದಿಲ್ಲ. ದೂರದಲ್ಲಿ ಇರುವುದಕ್ಕೆ ಮೊದಲು ಸಿಗುವುದಿಲ್ಲ. ಫ್ರಂಟ್ ವೀಲ್ ಡ್ರೈವ್ ಕಾರುಗಳ ಎಷ್ಟೋ ಗೇರ್ ಬಾಕ್ಸ್‌ಗಳಲ್ಲಿ ಐದನೇ ಗೇರ್ ಒಂದು ತುದಿಯಲ್ಲಿ, ಬೇರೆಯದೇ ಮುಚ್ಚಳದ ಒಳಗೆ ಕೂತಿರುತ್ತದೆ. ಅಂಥ ಗೇರ್ ಬಾಕ್ಸ್‌ನಲ್ಲಿ ಆಯಿಲ್ ಕಡಿಮೆಯಾದರೆ ಮೊದಲು ಪೆಟ್ಟು ತಿನ್ನುವುದು ಐದನೇ ಗೇರೇ. ನಾವು ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸುವುದೂ ಅದೇ ಗೇರಿನಲ್ಲಿ, ಅಲ್ವಾ. ಬೇರೆ ಗೇರ್‌ಗಳಲ್ಲಿ ಇಲ್ಲದ ಒಂದು ಕೂಗು ಐದರಲ್ಲಿ ಮಾತ್ರ ಕೇಳಿಸಿದರೆ, ಬೇರೆ ಏನನ್ನೂ ಯೋಚಿಸುವ ಮೊದಲು ಆಯಿಲ್ ಮಟ್ಟ ನೋಡಿ.

ಗೇರ್ ಹಾಕುವಾಗ ಬಿಗಿ ಅನ್ನಿಸುವುದು, ಬೆಳಿಗ್ಗೆ ತಣ್ಣಗಿರುವಾಗ ಎರಡನೇ ಗೇರ್ ಕಿರಿಕಿರಿ ಮಾಡುವುದು, ಕ್ಲಚ್ ಪೂರ್ತಿ ಒತ್ತಿದರೂ ಕರ್ರ್ ಎನ್ನುವುದು, ಇವಕ್ಕೂ ಆಯಿಲ್ ಕಾರಣ ಇರಬಹುದು. ಇರಲೇಬೇಕೆಂದಿಲ್ಲ. ಕ್ಲಚ್ ಸರಿಯಾಗಿ ಬಿಡದಿದ್ದರೂ ಹೀಗೇ ಆಗುತ್ತದೆ, ಗೇರ್ ಲಿವರ್ ಕೇಬಲ್ ಸಡಿಲವಾದರೂ ಹೀಗೇ ಆಗುತ್ತದೆ. ಆದರೆ ಆಯಿಲ್ ನೋಡಲು ಹೆಚ್ಚು ಖರ್ಚಿಲ್ಲ. ಹಾಗಾಗಿ ಅದೇ ಮೊದಲು.

ಯಾವ ಆಯಿಲ್ ಎಂಬುದು ಮೊದಲು ತೀರ್ಮಾನವಾಗಲಿ

ಕಾರಿನ ಅಡಿಗೆ ಹೋಗುವ ಮೊದಲೇ ಸರಿಯಾದ ಆಯಿಲ್ ಕೈಯಲ್ಲಿರಬೇಕು. ಇಲ್ಲಿ ಜನ ಜಾಸ್ತಿ ಎಡವುತ್ತಾರೆ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗೇರ್ ಆಯಿಲ್ ಡಬ್ಬದ ಮೇಲೆ ಎರಡು ವಿಷಯ ನೋಡಬೇಕು. ಒಂದು ದಪ್ಪ ಎಷ್ಟು ಎಂಬುದು: 75ಡಬ್ಲ್ಯೂ-80, 75ಡಬ್ಲ್ಯೂ-90, 80ಡಬ್ಲ್ಯೂ-90 ಹೀಗೆ. ಇನ್ನೊಂದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ದರ್ಜೆ: ಜಿಎಲ್-4 ಅಥವಾ ಜಿಎಲ್-5.

ದಪ್ಪದ ಸಂಖ್ಯೆ ನೋಡಿ ಗಾಬರಿಯಾಗಬೇಡಿ. 90 ಎಂದ ಕೂಡಲೇ ಇಂಜಿನ್‌ನ 40ಕ್ಕಿಂತ ಎರಡು ಪಟ್ಟು ದಪ್ಪ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಗೇರ್ ಆಯಿಲಿಗೂ ಇಂಜಿನ್ ಆಯಿಲಿಗೂ ಎಸ್‌ಎಇ ಎಂಬ ಇಂಜಿನಿಯರುಗಳ ಸಂಸ್ಥೆ ಬೇರೆ ಬೇರೆ ಅಳತೆಪಟ್ಟಿ ಇಟ್ಟಿದೆ. 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅಳೆದರೆ ಗೇರ್ ಆಯಿಲಿನ 90 ಎಂಬುದು ಇಂಜಿನ್ ಆಯಿಲಿನ 40 ಮತ್ತು 50ರ ಆಸುಪಾಸಿನಲ್ಲೇ ಬರುತ್ತದೆ. ಎರಡೂ ಬೇರೆ ಪಟ್ಟಿ ಎಂದು ಗೊತ್ತಿರಲಿ, ಒಂದನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಡಬ್ಲ್ಯೂಗೆ ಮೊದಲು ಬರುವ ಸಂಖ್ಯೆ ಚಳಿಯಲ್ಲಿ ಎಷ್ಟು ಹರಿಯುತ್ತದೆ ಎಂಬುದಕ್ಕೆ. 80ಕ್ಕಿಂತ 75 ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ.

ಈಗ ಜಿಎಲ್-4, ಜಿಎಲ್-5 ಕಥೆ. 5 ಎಂದರೆ 4ಕ್ಕಿಂತ ಒಳ್ಳೆಯದು ಎಂದು ಅನ್ನಿಸುವುದು ಸಹಜ. ಇಂಜಿನ್ ಆಯಿಲಿನಲ್ಲಿ ದರ್ಜೆ ಮೇಲೆ ಹೋದಂತೆ ಹೊಸದು, ಉತ್ತಮ. ಗೇರ್ ಆಯಿಲಿನಲ್ಲಿ ಹಾಗಲ್ಲ, ಇವೆರಡೂ ಬೇರೆ ಬೇರೆ ಕೆಲಸಕ್ಕೆ ಮಾಡಿದವು. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಗಳ ಡಿಫರೆನ್ಷಿಯಲ್‌ನಲ್ಲಿ, ಅಂದರೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಭಾಗದಲ್ಲಿ, ಹೈಪಾಯ್ಡ್ ಗೇರ್ ಇರುತ್ತದೆ. ಅದರ ಹಲ್ಲುಗಳು ಒಂದರ ಮೇಲೊಂದು ಭಾರೀ ಒತ್ತಡದಲ್ಲಿ ಜಾರುತ್ತವೆ. ಆ ಒತ್ತಡಕ್ಕೆ ಆಯಿಲಿನ ಪದರ ಹರಿದರೂ ಹಲ್ಲುಗಳು ಸವೆಯದಂತೆ ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು ಸೇರಿಸುತ್ತಾರೆ. ಡಿಫರೆನ್ಷಿಯಲ್‌ಗೆ ಅದು ಬೇಕೇ ಬೇಕು.

ಗೇರ್ ಬಾಕ್ಸ್ ಒಳಗಿನ ಪರಿಸ್ಥಿತಿ ಬೇರೆ. ಅಲ್ಲಿ ಸಿಂಕ್ರೋ ರಿಂಗ್‌ಗಳಿವೆ, ಹೆಚ್ಚಾಗಿ ಹಿತ್ತಾಳೆಯವು. ಗೇರ್ ಬದಲಿಸುವಾಗ ಈ ರಿಂಗ್ ಹೋಗಿ ಗೇರಿನ ಶಂಕುವಿನ ಆಕಾರದ ಭಾಗಕ್ಕೆ ಉಜ್ಜಿ, ಎರಡರ ವೇಗವನ್ನೂ ಒಂದು ಮಾಡುತ್ತದೆ. ಆ ಮೇಲೆ ಹಲ್ಲುಗಳು ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಉಜ್ಜಬೇಕು ಎಂದರೆ ಹಿಡಿತ ಬೇಕು. ಆಯಿಲ್ ಅಳತೆ ಮೀರಿ ಜಾರಿದರೆ ರಿಂಗಿಗೆ ಹಿಡಿತ ಸಿಗುವುದಿಲ್ಲ, ವೇಗ ಒಂದಾಗುವ ಮೊದಲೇ ಹಲ್ಲಿಗೆ ಹಲ್ಲು ಬಡಿಯುತ್ತದೆ. ಸಾಲದ್ದಕ್ಕೆ, ಜಿಎಲ್-5ರಲ್ಲಿನ ಗಂಧಕದ ಅಂಶ ಕಾಲಕ್ರಮೇಣ ಹಿತ್ತಾಳೆಯನ್ನು ತಿನ್ನಬಹುದು. ಆದ್ದರಿಂದ ಕಂಪನಿ ಜಿಎಲ್-4 ಎಂದು ಹೇಳಿದ್ದರೆ ಜಿಎಲ್-4 ಮಾತ್ರ ಹಾಕಿ. "ಇದು ಅದಕ್ಕಿಂತ ಮೇಲಿನದು" ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. ಹಾಗೆಯೇ ಕೆಲವು ಗೇರ್ ಬಾಕ್ಸ್‌ಗಳಿಗೆ ಕಂಪನಿಯೇ ಜಿಎಲ್-5 ಹೇಳಿರುತ್ತದೆ, ಅಲ್ಲಿ ಅದೇ ಸರಿ.

ಕೆಲವು ಕಾರುಗಳಿಗೆ ಇವೆರಡೂ ಅಲ್ಲ. ಆಟೊಮ್ಯಾಟಿಕ್ ಗೇರ್ ಬಾಕ್ಸ್‌ಗೆ ಹಾಕುವ ಎಟಿಎಫ್ ಕೇಳುವ ಮ್ಯಾನುಯಲ್ ಗೇರ್ ಬಾಕ್ಸ್‌ಗಳಿವೆ. ಇಂಜಿನ್ ಆಯಿಲ್ ಕೇಳುವ ಹಳೆಯ ಮಾದರಿಗಳೂ ಇವೆ. ಕಂಪನಿಯದೇ ಸಂಖ್ಯೆ ಇರುವ ಪ್ರತ್ಯೇಕ ಆಯಿಲ್ ಕೇಳುವವೂ ಇವೆ. ಹಾಗಾಗಿ ಊಹೆ ಬೇಡ, ಪಕ್ಕದ ಮನೆಯ ಕಾರಿಗೆ ಹಾಕಿದ್ದು ಬೇಡ, ನಿಮ್ಮ ಕಾರಿನ ಕೈಪಿಡಿ ತೆಗೆದು ನೋಡಿ. ಆಯಿಲಿನ ಹೆಸರು, ದರ್ಜೆ, ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೆ ಎಂಬ ಮೂರನ್ನೂ ಬರೆದಿಟ್ಟುಕೊಳ್ಳಿ. ಸಣ್ಣ ಮತ್ತು ಮಧ್ಯಮ ಕಾರುಗಳಲ್ಲಿ ಇದು ಸಾಮಾನ್ಯವಾಗಿ 2 ಲೀಟರ್ ಆಸುಪಾಸಿನಲ್ಲಿರುತ್ತದೆ. ಇದೇ ದರ್ಜೆಯ ಬೇರೆ ಬ್ರ್ಯಾಂಡ್ ಆಯಿಲನ್ನು ಟಾಪ್ ಅಪ್‌ಗೆ ಬಳಸಿದರೆ ತೊಂದರೆ ಇಲ್ಲ. ಒಳಗೆ ಏನಿದೆ ಎಂಬುದೇ ಗೊತ್ತಿಲ್ಲದಿದ್ದರೆ, ಹಳೆಯ ಕಾರು ಕೊಂಡವರಿಗೆ ಇದು ಮಾಮೂಲು, ಪೂರ್ತಿ ಇಳಿಸಿ ಹೊಸದು ಹಾಕುವುದೇ ಒಳ್ಳೆಯದು.

ಕಾರು ಮಟ್ಟಸವಾಗಿ ನಿಲ್ಲಬೇಕು

ಡಿಪ್‌ಸ್ಟಿಕ್ ಇಲ್ಲದ ಗೇರ್ ಬಾಕ್ಸ್‌ನಲ್ಲಿ ಅಳತೆ ಹೇಗೆ ಎಂದರೆ, ಪಕ್ಕದಲ್ಲಿ ಒಂದು ಫಿಲ್ಲರ್ ಪ್ಲಗ್ ಇರುತ್ತದೆ. ಅದನ್ನು ಬಿಚ್ಚಿದರೆ ಕಾಣುವ ತೂತಿನ ಕೆಳಗಿನ ಅಂಚೇ ಅಳತೆ. ಆಯಿಲ್ ಆ ಅಂಚಿಗೆ ಮುಟ್ಟಿ ನಿಂತಿದ್ದರೆ ಸರಿ ಇದೆ ಎಂದರ್ಥ. ಇಷ್ಟೇ.

ಆದರೆ ಇದು ನಿಜವಾಗುವುದು ಕಾರು ನೆಲಕ್ಕೆ ಸಮವಾಗಿ ನಿಂತಾಗ ಮಾತ್ರ. ಅರ್ಧ ನೀರಿರುವ ಬಿಂದಿಗೆಯನ್ನು ಓರೆ ಮಾಡಿದರೆ ನೀರು ಒಂದು ಬದಿಯಲ್ಲಿ ಬಾಯಿಗೆ ಬರುತ್ತದೆ, ಇನ್ನೊಂದು ಬದಿಯಲ್ಲಿ ತಳ ಕಾಣುತ್ತದೆ. ಗೇರ್ ಬಾಕ್ಸ್‌ನಲ್ಲೂ ಅದೇ. ಜಾಕ್ ಹಾಕಿ ಕಾರಿನ ಮುಂಭಾಗ ಮಾತ್ರ ಎತ್ತಿದಿರಿ ಎಂದಿಟ್ಟುಕೊಳ್ಳಿ. ಆಯಿಲ್ ಹಿಂದಕ್ಕೆ ಸರಿಯುತ್ತದೆ. ತೂತು ಗೇರ್ ಬಾಕ್ಸ್‌ನ ಹಿಂದಿನ ಮುಖದಲ್ಲಿದ್ದರೆ ಪ್ಲಗ್ ಬಿಚ್ಚಿದ ಕೂಡಲೇ ಆಯಿಲ್ ಹರಿದು ಬರುತ್ತದೆ. ಓಹ್, ಜಾಸ್ತಿ ಇದೆ ಎಂದು ನೀವು ಹರಿಯಲು ಬಿಟ್ಟರೆ ಬೇಕಾದ ಆಯಿಲೇ ಹೋಯಿತು. ತೂತು ಮುಂದಿನ ಮುಖದಲ್ಲಿದ್ದರೆ ಇದರ ಉಲ್ಟಾ. ಸರಿಯಾಗಿಯೇ ಇರುವ ಆಯಿಲ್ ಕಡಿಮೆ ಕಾಣುತ್ತದೆ, ನೀವು ತುಂಬಿಸುತ್ತಲೇ ಹೋಗುತ್ತೀರಿ, ಕಾರು ಇಳಿಸಿದ ಮೇಲೆ ಅದು ಅಳತೆ ಮೀರಿರುತ್ತದೆ.

ಹಾಗಾಗಿ ಇರುವ ದಾರಿ ಎರಡೋ ಮೂರೋ ಅಷ್ಟೇ. ಗ್ಯಾರೇಜಿನ ಲಿಫ್ಟ್ ಅಥವಾ ಕೆಳಗಿಳಿದು ಕೆಲಸ ಮಾಡುವ ಗುಂಡಿ ಸಿಕ್ಕರೆ ಎಲ್ಲಕ್ಕಿಂತ ಸುಲಭ. ಇಲ್ಲದಿದ್ದರೆ ನಾಲ್ಕೂ ಮೂಲೆಗೆ ಜಾಕ್ ಸ್ಟ್ಯಾಂಡ್ ಕೊಟ್ಟು, ಒಂದೇ ಎತ್ತರಕ್ಕೆ ನಿಲ್ಲಿಸಿ. ಬಾಗಿಲ ಕೆಳಗಿನ ಪಟ್ಟಿಗೆ ರಸಮಟ್ಟ ಹಿಡಿದು ನೋಡಿದರೆ ಓರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಆದರೆ ಆ ಪಟ್ಟಿಯೇ ಸ್ವಲ್ಪ ಇಳಿಜಾರಾಗಿರುವ ಕಾರುಗಳಿವೆ, ಆದ್ದರಿಂದ ಕಾರು ಸಮ ನೆಲದಲ್ಲಿ ನಿಂತಿರುವಾಗ ಒಮ್ಮೆ ಹಿಡಿದು ನೋಡಿ ಗುಳ್ಳೆ ಎಲ್ಲಿ ನಿಲ್ಲುತ್ತದೆ ಎಂದು ಗುರುತಿಟ್ಟುಕೊಂಡು ಎತ್ತಿದ ಮೇಲೂ ಅಲ್ಲೇ ಬರುವಂತೆ ಮಾಡುವುದು ಸರಿಯಾದ ಕ್ರಮ. ಕೆಲವು ಕಾರುಗಳಲ್ಲಿ ಎತ್ತುವ ಅಗತ್ಯವೇ ಇಲ್ಲ. ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಚಕ್ರದ ಹಿಂದಿನ ಪ್ಲಾಸ್ಟಿಕ್ ಮರೆ ತೆಗೆದರೆ ಪ್ಲಗ್ ಕೈಗೆ ಸಿಗುತ್ತದೆ. ಮೊದಲು ಅದನ್ನು ನೋಡಿ, ಎಷ್ಟೋ ಶ್ರಮ ಉಳಿಯುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ. ಒಂದು ನಿಮಿಷಕ್ಕೂ ಬೇಡ. ಜಾಕ್ ಇರುವುದು ಎತ್ತಲು, ಹಿಡಿದಿಡಲು ಸ್ಟ್ಯಾಂಡೇ ಬೇಕು. ನೆಲ ಗಟ್ಟಿಯಾಗಿರಬೇಕು, ಕಾರಿನಲ್ಲಿ ಗುರುತು ಮಾಡಿದ ಜಾಗಕ್ಕೇ ಸ್ಟ್ಯಾಂಡ್ ಕೊಡಬೇಕು, ಅಡಿಗೆ ಹೋಗುವ ಮೊದಲು ಕೈಯಿಂದ ಅಲ್ಲಾಡಿಸಿ ನೋಡಬೇಕು. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂಭಾಗ ಎತ್ತಿದಾಗ ಅದರಿಂದ ಪ್ರಯೋಜನವಿಲ್ಲ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಇಡಲೇಬೇಕು.

ಆಯಿಲ್ ಬಿಸಿ ಇರುವಾಗಲೂ ಮುಟ್ಟಬೇಡಿ. ದೂರ ಓಡಿಸಿ ಬಂದ ಗೇರ್ ಬಾಕ್ಸ್ ಕೈ ಸುಡುವಷ್ಟು ಬಿಸಿ ಇರುತ್ತದೆ. ಮೇಲೆಲ್ಲ ಅಂಟಿದ ಆಯಿಲ್ ಕೆಳಗಿಳಿಯಲೂ ಸಮಯ ಬೇಕು. ತಣ್ಣಗೆ ನಿಂತ ಕಾರಿನಲ್ಲಿ ನೋಡುವುದು ಹೆಚ್ಚಿನ ಗೇರ್ ಬಾಕ್ಸ್‌ಗಳಿಗೆ ಸರಿ, ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಹಾಗೆ ಮಾಡಿ.

ಸರಿಯಾದ ಪ್ಲಗ್ ಹುಡುಕುವುದು

ಇದು ಅನ್ನಿಸಿದಷ್ಟು ಸುಲಭವಲ್ಲ. ಗೇರ್ ಬಾಕ್ಸ್ ಮೇಲೆ ಬೋಲ್ಟ್ ತರಹದ ತಲೆಗಳು ಹಲವು ಇರುತ್ತವೆ. ಕೆಳಗಿನದು ಡ್ರೈನ್ ಪ್ಲಗ್. ಪಕ್ಕದಲ್ಲಿ ಸ್ವಲ್ಪ ಮೇಲಿರುವುದು ಫಿಲ್ಲರ್ ಪ್ಲಗ್. ರಿವರ್ಸ್ ಲೈಟ್ ಸ್ವಿಚ್ ಇನ್ನೊಂದು, ಅದಕ್ಕೆ ವೈರ್ ಬಂದಿರುತ್ತದೆ. ಇವಲ್ಲದೆ ಗೇರ್ ಲಿವರಿನ ರಾಡನ್ನು ಜಾಗದಲ್ಲಿ ಹಿಡಿಯುವ ಸ್ಪ್ರಿಂಗ್ ಮತ್ತು ಗುಂಡು ಕೂತಿರುವ ಪ್ಲಗ್‌ಗಳೂ ಇರಬಹುದು. ಅದನ್ನು ಬಿಚ್ಚಿದರೆ ಸ್ಪ್ರಿಂಗ್ ಹಾರಿ ಹೊರಬರಬಹುದು, ಗುಂಡು ಕಳೆದುಹೋಗಬಹುದು. ಕೈಪಿಡಿಯ ಚಿತ್ರ ನೋಡಿ ಖಚಿತ ಮಾಡಿಕೊಳ್ಳದೆ ಯಾವುದಕ್ಕೂ ಸ್ಪ್ಯಾನರ್ ಹಾಕಬೇಡಿ.

ಇಂಜಿನ್ ಅಡ್ಡ ಕೂತಿರುವ ಕಾರುಗಳಲ್ಲಿ ಇಂಜಿನ್ ಆಯಿಲ್ ನಿಲ್ಲುವ ತೊಟ್ಟಿ, ಅಂದರೆ ಸಂಪ್, ಮತ್ತು ಗೇರ್ ಬಾಕ್ಸ್ ಅಕ್ಕಪಕ್ಕದಲ್ಲೇ ಇರುತ್ತವೆ. ಇಂಜಿನ್ ಆಯಿಲ್ ಬದಲಿಸಲು ಹೋಗಿ ಗೇರ್ ಬಾಕ್ಸ್ ಖಾಲಿ ಮಾಡಿ, ಹೊಸ ಆಯಿಲನ್ನು ತುಂಬಿರುವ ಇಂಜಿನ್‌ಗೆ ಸುರಿಯುವುದು ಕೆಲಸ ಕಲಿಯುವವರಿಂದ ಆಗಾಗ ಆಗುವ ತಪ್ಪು. ಒಂದೇ ಏಟಿಗೆ ಎರಡಕ್ಕೂ ಹಾನಿ. ಚಕ್ರಕ್ಕೆ ಶಕ್ತಿ ಒಯ್ಯುವ ದಂಡ, ಅಂದರೆ ಡ್ರೈವ್ ಶಾಫ್ಟ್, ಎಲ್ಲಿ ಒಳಗೆ ಹೋಗುತ್ತದೋ ಆ ಅಲ್ಯೂಮಿನಿಯಂ ಕವಚವೇ ಗೇರ್ ಬಾಕ್ಸ್ ಎಂದು ನೆನಪಿಟ್ಟುಕೊಂಡರೆ ಗೊಂದಲ ಇರುವುದಿಲ್ಲ.

ಇನ್ನೊಂದು ಗೊಂದಲವಿದೆ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಡಿಫರೆನ್ಷಿಯಲ್ ಸಾಮಾನ್ಯವಾಗಿ ಗೇರ್ ಬಾಕ್ಸ್ ಒಳಗೇ ಇರುತ್ತದೆ, ಎರಡಕ್ಕೂ ಒಂದೇ ಆಯಿಲ್. ರಿಯರ್ ವೀಲ್ ಡ್ರೈವ್ ಗಾಡಿಯಲ್ಲಿ ಅದು ಹಿಂದಿನ ಆಕ್ಸಲ್ ಮೇಲೆ ಬೇರೆಯಾಗಿ ಇರುತ್ತದೆ, ಅದರ ಆಯಿಲೂ ಬೇರೆ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಎಂಬ ಮೂರನೆಯದೂ ಸೇರಬಹುದು. ಒಂದರ ಮಟ್ಟ ನೋಡಿದರೆ ಎಲ್ಲದರದ್ದೂ ನೋಡಿದಂತೆ ಆಗುವುದಿಲ್ಲ.

ಪಕ್ಕದಲ್ಲಿ ಫಿಲ್ಲರ್ ತೂತೇ ಇಲ್ಲದ ಗೇರ್ ಬಾಕ್ಸ್‌ಗಳೂ ಇವೆ. ಮಟ್ಟ ನೋಡಲು ಪಕ್ಕದಲ್ಲಿ ಒಂದು ಪ್ಲಗ್, ತುಂಬಿಸಲು ಒಳಗಿನ ಗಾಳಿ ಹೊರಹೋಗುವ ಮೇಲಿನ ಕಿಂಡಿಯ, ಅಂದರೆ ಬ್ರೀದರ್ ಜಾಗ, ಹೀಗೆ ಎರಡು ಕಡೆ ಇರುವುದೂ ಉಂಟು. ರಿವರ್ಸ್ ಸ್ವಿಚ್ ತೆಗೆದು ಅಲ್ಲಿಂದ ತುಂಬಿಸುವುದೂ ಉಂಟು. ಮಟ್ಟ ನೋಡುವ ಏರ್ಪಾಡೇ ಇಲ್ಲದಿದ್ದರೆ ಪೂರ್ತಿ ಇಳಿಸಿ, ಎಷ್ಟು ಬಂತು ಎಂದು ಅಳೆದು, ಕಂಪನಿ ಹೇಳಿದಷ್ಟನ್ನೇ ಅಳೆದು ಹಾಕಬೇಕು. ಹಳೆಯ ಸುಬಾರು ಮ್ಯಾನುಯಲ್ ಕಾರುಗಳ ಗೇರ್ ಬಾಕ್ಸ್‌ಗೆ ಡಿಪ್‌ಸ್ಟಿಕ್ ಇರುತ್ತಿತ್ತು. ಎಲ್ಲ ಕಂಪನಿಗಳೂ ಹಾಗೇ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಬಿಚ್ಚುವುದು, ನೋಡುವುದು

ಪ್ಲಗ್ ತಲೆ ಒಂದೊಂದು ಕಾರಿನಲ್ಲಿ ಒಂದೊಂದು ಥರ. ಹೊರಗಿನಿಂದ ಸ್ಪ್ಯಾನರ್ ಹಾಕುವ ಆರು ಮೂಲೆಯದು ಇರಬಹುದು, ಒಳಗೆ ಅಲೆನ್ ಕೀ ಹಾಕುವಂಥದ್ದು ಇರಬಹುದು, ಚೌಕದ ತೂತು ಇರುವಂಥದ್ದೂ ಇದೆ. ತೂತಿನ ಒಳಗೆ ಮಣ್ಣು, ಜಿಡ್ಡು ಗಟ್ಟಿಯಾಗಿ ಕೂತಿರುತ್ತದೆ. ಮೊಳೆಯ ತುದಿಯಿಂದ ಅದನ್ನು ಕೆರೆದು ತೆಗೆದು, ಕೀ ಪೂರ್ತಿ ಒಳಗೆ ಕೂತಿದೆ ಎಂದು ನೋಡಿಕೊಂಡೇ ತಿರುಗಿಸಿ. ಅರ್ಧ ಕೂತ ಕೀ ಜಾರಿದರೆ ಮೂಲೆಗಳು ಉರುಟಾಗಿ ಹೋಗುತ್ತವೆ. ಸುತ್ತಲಿನ ಜಾಗವನ್ನೂ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಪ್ಲಗ್ ತೆಗೆದ ಕೂಡಲೇ ಮಣ್ಣು ಒಳಗೆ ಬೀಳುತ್ತದೆ. ಕೈಕವಚ ಹಾಕಿಕೊಳ್ಳಿ. ಗೇರ್ ಆಯಿಲಿನ ಗಂಧಕದ ಘಾಟು ಕೈಗೆ ಹತ್ತಿದರೆ ಬೇಗ ಹೋಗುವುದಿಲ್ಲ.

ಡ್ರೈನ್ ಮಾಡಬೇಕೆಂದಿದ್ದರೂ ಮೊದಲು ಬಿಚ್ಚಬೇಕಾದ್ದು ಫಿಲ್ಲರ್ ಪ್ಲಗ್. ಇದನ್ನು ನಿಯಮ ಎಂದೇ ಇಟ್ಟುಕೊಳ್ಳಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಎಲ್ಲ ಇಳಿಸಿದ ಮೇಲೆ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಬರುವುದೇ ಇಲ್ಲ ಎಂದು ಗೊತ್ತಾದರೆ, ಆಯಿಲ್ ಇಲ್ಲದ ಕಾರು ಅಲ್ಲೇ ನಿಲ್ಲುತ್ತದೆ. ಫಿಲ್ಲರ್ ಬಿಚ್ಚಿಕೊಂಡಿತು ಎಂದಾದ ಮೇಲೆ ಮುಂದಿನ ಮಾತು.

ಪ್ಲಗ್ ತೆಗೆದಾಗ ಒಂದೆರಡು ಹನಿ ಬಂದು ನಿಂತರೆ, ಅಥವಾ ತೆಳ್ಳಗೆ ಹರಿದು ಬೇಗ ನಿಂತರೆ ಮಟ್ಟ ಸರಿ ಇದೆ. ಏನೂ ಬರದಿದ್ದರೆ ಕಿರುಬೆರಳನ್ನು ಒಳಗೆ ಹಾಕಿ ಮೊದಲ ಗೆಣ್ಣಿನಲ್ಲಿ ಕೆಳಕ್ಕೆ ಬಾಗಿಸಿ. ತೂತಿನ ಅಂಚಿಗೆ ತೀರಾ ಹತ್ತಿರದಲ್ಲೇ ಆಯಿಲ್ ತಗುಲಿದರೆ ಚಿಂತೆ ಇಲ್ಲ, ಸ್ವಲ್ಪ ಹಾಕಿ ಸರಿ ಮಾಡಿದರಾಯಿತು. ಬೆರಳು ಒಣಗಿಯೇ ಬಂದರೆ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಬಾಗಿಸಿ ಒಳಗೆ ಇಳಿಸಿ ನೋಡಿ, ಎಷ್ಟು ಕೆಳಗಿದೆ ಎಂದು ತಿಳಿಯುತ್ತದೆ. ಇಂಜಿನ್ ಆಫ್ ಇರಬೇಕು, ಚಕ್ರಗಳನ್ನು ಯಾರೂ ತಿರುಗಿಸಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ಒಳಗಿರುವುದು ಗೇರ್ ಹಲ್ಲುಗಳು.

ಬೆರಳಿಗೆ ಅಂಟಿದ ಆಯಿಲನ್ನು ಒರೆಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ ಅಷ್ಟೇ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ತುಂಬಿದ ನೀರಿನಲ್ಲಿ ಕಾರು ಓಡಿಸಿದಾಗ ಬ್ರೀದರ್ ಮೂಲಕ ನೀರು ಒಳಗೆ ಹೋಗುತ್ತದೆ. ಇಂಥ ಆಯಿಲಿನ ಮೇಲೆ ಟಾಪ್ ಅಪ್ ಮಾಡಬೇಡಿ, ಪೂರ್ತಿ ಬದಲಿಸಿ. ಸುಟ್ಟ ವಾಸನೆ ಬಂದರೆ ಒಳಗೆ ಅತಿಯಾಗಿ ಬಿಸಿಯಾಗಿದೆ. ಹೊಂಬಣ್ಣದ ಮಿನುಗು ಕಂಡರೆ ಅದು ಸಿಂಕ್ರೋ ರಿಂಗಿನ ಹಿತ್ತಾಳೆ. ಡ್ರೈನ್ ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಅದರ ಮೇಲೆ ಬೂದು ಬಣ್ಣದ ನುಣುಪಾದ ಕೆಸರು ಇರುತ್ತದೆ, ಅದು ಸಹಜ ಸವೆತ. ಕೈಗೆ ಚುಚ್ಚುವ ಚೂರುಗಳು, ಹಲ್ಲಿನ ತುಂಡುಗಳು ಸಿಕ್ಕರೆ ಆಯಿಲಿನಿಂದ ಪರಿಹಾರವಿಲ್ಲ, ಗೇರ್ ಬಾಕ್ಸ್ ಬಿಚ್ಚಬೇಕು.

ತುಂಬಿಸುವುದು

ಇಲ್ಲಿ ಇರುವ ಒಂದೇ ಕಷ್ಟ ಜಾಗದ್ದು. ಡಬ್ಬವನ್ನು ಬಗ್ಗಿಸಿ ಸುರಿಯಲು ಆಗುವುದಿಲ್ಲ. ದೊಡ್ಡ ಸಿರಿಂಜ್ ತರಹದ ಆಯಿಲ್ ಗನ್ ಇದ್ದರೆ ಒಳ್ಳೆಯದು, ಡಬ್ಬದ ಬಾಯಿಗೆ ಕೂರುವ ಕೈಪಂಪೂ ನಡೆಯುತ್ತದೆ. ಎರಡೂ ಇಲ್ಲದಿದ್ದರೆ ಉದ್ದದ ಪಾರದರ್ಶಕ ಪೈಪಿಗೆ ಆಲಿಕೆ ಸಿಕ್ಕಿಸಿ, ಬಾನೆಟ್ ಕಡೆಯಿಂದ ಕೆಳಗಿಳಿಸಿ, ತುದಿಯನ್ನು ತೂತಿನೊಳಗೆ ಇಟ್ಟು ಮೇಲಿನಿಂದ ಸುರಿಯಬಹುದು. ಪೈಪ್ ಒಳಗೆ ಧೂಳು ಇರಬಾರದು, ಹೊಸದೇ ಆಗಿರಲಿ. ಆಯಿಲ್ ಗಟ್ಟಿಯಾಗಿ ಹರಿಯದಿದ್ದರೆ ಡಬ್ಬವನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ನಿಲ್ಲಿಸಿ, ಬೆಂಕಿಯ ಹತ್ತಿರ ಮಾತ್ರ ಬೇಡ.

ನಿಧಾನವಾಗಿ ಹಾಕಿ. ಎಷ್ಟು ಹಾಕಿದಿರಿ ಎಂದು ಮಿಲಿಲೀಟರ್ ಲೆಕ್ಕದಲ್ಲಿ ಗಮನಿಸಿ, ಇದು ಮುಂದೆ ಬೇಕಾಗುತ್ತದೆ. ತೂತಿನ ಅಂಚಿನಿಂದ ಆಯಿಲ್ ಹೊರಗೆ ಬರಲು ಶುರುವಾದ ಮೇಲೆ ನಿಲ್ಲಿಸಿ, ಕೆಳಗೆ ಟ್ರೇ ಇಟ್ಟು ಸುಮ್ನೆ ಕಾಯಿರಿ. ದಪ್ಪ ಆಯಿಲ್ ಒಳಗೆ ಸಮವಾಗಿ ಹರಡಲು ಐದು ಹತ್ತು ನಿಮಿಷ ಬೇಕು. ಮೊದಲು ಬಂದ ಹರಿವು ನಿಂತು ಆಮೇಲೆ ಮಟ್ಟ ಇಳಿದಿರುವುದೂ ಉಂಟು, ಆಗ ಮತ್ತೆ ಸ್ವಲ್ಪ ಹಾಕಿ. ಹರಿವು ಹನಿಯಾಗಿ ನಿಧಾನವಾದಾಗ ಪ್ಲಗ್ ಹಾಕಿ.

ಸ್ವಲ್ಪ ಜಾಸ್ತಿಯೇ ಇರಲಿ ಎಂಬ ಯೋಚನೆ ಬೇಡ. ಮಟ್ಟ ಮೀರಿದರೆ ಗೇರ್‌ಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಬೇರಿಂಗ್‌ಗೆ ರಕ್ಷಣೆ ಕೊಡುವುದಿಲ್ಲ. ಬಿಸಿ ಏರುತ್ತದೆ, ಒತ್ತಡ ಹೆಚ್ಚುತ್ತದೆ, ಚೆನ್ನಾಗಿದ್ದ ಸೀಲಿನಿಂದಲೂ ಆಯಿಲ್ ಹೊರಬರಲು ಶುರುವಾಗುತ್ತದೆ.

ಪ್ಲಗ್ ಬಿಗಿಯುವಾಗ ಬಲ ತೋರಿಸಬೇಡಿ. ಕವಚ ಅಲ್ಯೂಮಿನಿಯಂ, ಪ್ಲಗ್ ಹೆಚ್ಚಾಗಿ ಉಕ್ಕು. ಜಾಸ್ತಿ ಬಿಗಿದರೆ ಸೋಲುವುದು ಅಲ್ಯೂಮಿನಿಯಂ ಒಳಗಿನ ಥ್ರೆಡ್. ಮೊದಲ ಕೆಲವು ಸುತ್ತು ಕೈಬೆರಳಿನಿಂದಲೇ ತಿರುಗಿಸಿ, ಓರೆಯಾಗಿ ಹತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಇದ್ದರೆ ಹೊಸದು ಹಾಕಿ, ಹಳೆಯದು ಒಮ್ಮೆ ಅಮುಕಿ ಹೋಗಿರುತ್ತದೆ. ವಾಷರ್ ಇಲ್ಲದೆ ತುದಿಯ ಕಡೆಗೆ ಸಣ್ಣಗಾಗುವ ಪ್ಲಗ್ ಆದರೆ ಇನ್ನೂ ಎಚ್ಚರ ಬೇಕು, ಅದನ್ನು ಅತಿಯಾಗಿ ಬಿಗಿದರೆ ಕವಚವೇ ಸೀಳಬಹುದು. ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ಇಟ್ಟುಕೊಂಡು ಕೈಪಿಡಿಯ ಅಳತೆಗೆ ಬಿಗಿಯುವುದೇ ಸರಿ.

ಹೋಗಿದ್ದು ಎಲ್ಲಿಗೆ?

ಈಗ ಅಸಲು ಪ್ರಶ್ನೆ. 100 ಮಿಲಿಲೀಟರ್ ಹಿಡಿದಿದ್ದರೆ ಅದು ಹಿಂದಿನವರು ತುಂಬಿಸುವಾಗ ಬಿಟ್ಟ ವ್ಯತ್ಯಾಸ ಇರಬಹುದು. 2 ಲೀಟರ್ ಹಿಡಿಯುವ ಗೇರ್ ಬಾಕ್ಸ್ ಅರ್ಧ ಲೀಟರ್ ಕುಡಿದರೆ ಕಾಲು ಭಾಗ ಹೊರಗೆ ಹೋಗಿದೆ ಎಂದಾಯಿತು, ಅದನ್ನು ಹಾಗೇ ಬಿಡುವಂತಿಲ್ಲ.

ಗೇರ್ ಬಾಕ್ಸ್ ಹೊರಮೈಯನ್ನು ಚೆನ್ನಾಗಿ ಒರೆಸಿ ಸ್ವಚ್ಛ ಮಾಡಿ, ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ನೋಡಿ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಹನಿ ಬೀಳುವ ಜಾಗವೇ ಸೋರುವ ಜಾಗ ಆಗಿರಬೇಕೆಂದಿಲ್ಲ. ಒದ್ದೆಯಾದ ಕಡೆಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವುದು ಯಾವುದೋ ಅಲ್ಲಿಂದ ಹುಡುಕಬೇಕು.

ಡ್ರೈವ್ ಶಾಫ್ಟ್ ಒಳಗೆ ಹೋಗುವಲ್ಲಿನ ಆಯಿಲ್ ಸೀಲ್ ಮೊದಲ ಅನುಮಾನ. ಅಲ್ಲಿ ಸೋರಿದರೆ ತಿರುಗುವ ಶಾಫ್ಟ್ ಆಯಿಲನ್ನು ಸುತ್ತಲೂ ಚಿಮ್ಮಿಸಿರುತ್ತದೆ, ಗುರುತಿಸುವುದು ಸುಲಭ. ಗೇರ್ ಲಿವರಿನ ರಾಡ್ ಒಳಗೆ ಹೋಗುವಲ್ಲಿ ಇನ್ನೊಂದು ಸೀಲ್ ಇದೆ. ತುದಿಯ ಮುಚ್ಚಳದ ಜೋಡಣೆ, ರಿವರ್ಸ್ ಸ್ವಿಚ್ಚಿನ ಬುಡ, ಪ್ಲಗ್‌ಗಳ ವಾಷರ್, ಇವನ್ನೂ ನೋಡಿ.

ಕಷ್ಟದ ಜಾಗ ಇಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಕ್ಲಚ್ ಗೂಡು. ಅದರ ಕೆಳಗಿನಿಂದ ತೊಟ್ಟಿಕ್ಕಿದರೆ ಮೂರು ಸಾಧ್ಯತೆಗಳಿವೆ. ಇಂಜಿನ್‌ನ ಹಿಂದಿನ ಸೀಲ್, ಗೇರ್ ಬಾಕ್ಸ್‌ನ ಮುಂದಿನ ಸೀಲ್, ಅಥವಾ ಕ್ಲಚ್ ಹೈಡ್ರಾಲಿಕ್ ಸಿಲಿಂಡರ್ ಆ ಗೂಡಿನೊಳಗಿದ್ದರೆ ಅದರ ದ್ರವ. ಮೂಗಿಗೆ ಹಿಡಿದರೆ ಅರ್ಧ ಉತ್ತರ ಸಿಗುತ್ತದೆ. ಜಿಎಲ್ ದರ್ಜೆಯ ಗೇರ್ ಆಯಿಲಿಗೆ ಗಂಧಕದ ಘಾಟು ಇರುತ್ತದೆ. ಇಂಜಿನ್ ಆಯಿಲ್ ಕಪ್ಪಗಿರುತ್ತದೆ, ಆ ಘಾಟು ಇರುವುದಿಲ್ಲ. ಕ್ಲಚ್ ದ್ರವ ನೀರಿನಷ್ಟು ತೆಳ್ಳಗಿರುತ್ತದೆ, ಬಾನೆಟ್ ಒಳಗಿನ ಡಬ್ಬಿಯಲ್ಲೂ ಮಟ್ಟ ಇಳಿದಿರುತ್ತದೆ. ಗೇರ್ ಬಾಕ್ಸ್‌ನ ಮುಂದಿನ ಸೀಲ್ ಸೋರಿದರೆ ಆಯಿಲ್ ಕ್ಲಚ್ ಪ್ಲೇಟಿಗೂ ತಾಗಬಹುದು. ಕ್ಲಚ್ ಜಾರುವುದು, ಬಿಡುವಾಗ ಕಾರು ನಡುಗುವುದು ಅದರ ಲಕ್ಷಣ. ಇದಕ್ಕೆ ಗೇರ್ ಬಾಕ್ಸ್ ಇಳಿಸಲೇಬೇಕು. ಇಳಿಸಿದ ಮೇಲೆ ಕ್ಲಚ್ ಸ್ಥಿತಿಯನ್ನೂ ನೋಡಿಬಿಡಿ.

ಸೀಲ್ ಬದಲಿಸುವ ಮೊದಲು ಬ್ರೀದರ್ ನೋಡಲು ಮರೆಯಬೇಡಿ. ಗೇರ್ ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಹೋಗಲು ಮೇಲೆ ಒಂದು ಸಣ್ಣ ಕಿಂಡಿ ಇರುತ್ತದೆ. ಅದು ಮಣ್ಣಿನಿಂದ ಮುಚ್ಚಿಕೊಂಡರೆ ಒತ್ತಡ ಸೀಲ್ ಕಡೆಗೆ ತಿರುಗುತ್ತದೆ. ಆಗ ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತದೆ. ಸೋರುವುದನ್ನು ನಿಲ್ಲಿಸುತ್ತದೆ ಎಂದು ಮಾರುವ ಡಬ್ಬಿಗಳನ್ನು ಗೇರ್ ಬಾಕ್ಸ್‌ಗೆ ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸೀಲಿನ ರಬ್ಬರ್ ಸವೆದಿದ್ದರೆ ಯಾವ ದ್ರವವೂ ಅದನ್ನು ಮತ್ತೆ ಬೆಳೆಸುವುದಿಲ್ಲ, ಸಿಂಕ್ರೋ ರಿಂಗಿಗೆ ಬೇಕಾದ ಹಿಡಿತವೂ ಕೆಡಬಹುದು.

ಜೀವಮಾನಪೂರ್ತಿ ಬದಲಿಸಬೇಕಿಲ್ಲ ಎಂದು ಹೇಳುವ ಗೇರ್ ಆಯಿಲ್ ಬಗ್ಗೆಯೂ ಒಂದು ಮಾತು. ಫಿಲ್ಟರ್ ಇಲ್ಲದ ಡಬ್ಬಿಯಲ್ಲಿ ಲೋಹದ ಪುಡಿ ಸೇರುತ್ತಲೇ ಹೋಗುತ್ತದೆ. ಮ್ಯಾಗ್ನೆಟ್ ಕಬ್ಬಿಣ ಹಿಡಿಯುತ್ತದೆ, ಹಿತ್ತಾಳೆ ಹಿಡಿಯುವುದಿಲ್ಲ. ಕಾರನ್ನು ತುಂಬಾ ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ಕಂಪನಿ ಬೇಡ ಎಂದರೂ ಒಮ್ಮೆ ಬದಲಿಸುವುದು ಒಳ್ಳೆಯದು. ತೆಗೆದ ಆಯಿಲನ್ನು ಚರಂಡಿಗೂ ಮಣ್ಣಿಗೂ ಸುರಿಯಬೇಡಿ. ಅದೇ ಡಬ್ಬಕ್ಕೆ ತುಂಬಿಸಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಹಾಕಿದ ದಿನ, ಮೀಟರಿನ ಕಿಲೋಮೀಟರ್, ಎಷ್ಟು ಮಿಲಿಲೀಟರ್ ಎಂಬುದನ್ನು ಸರ್ವಿಸ್ ಪುಸ್ತಕದಲ್ಲಿ ಬರೆಯಿರಿ. 1000 ಕಿಲೋಮೀಟರ್ ಆದ ಮೇಲೆ ಮತ್ತೆ ಪ್ಲಗ್ ಬಿಚ್ಚಿ ನೋಡಿ. ಮಟ್ಟ ಅಲ್ಲೇ ಇದ್ದರೆ ಆಮೇಲೆ ಪ್ರತಿ ಸರ್ವಿಸ್‌ಗೆ ಒಮ್ಮೆ ನೋಡಿದರೆ ಸಾಕು. ಇಳಿದಿದ್ದರೆ ಸೀಲ್ ಬದಲಿಸುವ ದಿನ ಗೊತ್ತು ಮಾಡಿ. ಡ್ರೈವ್ ಶಾಫ್ಟ್ ಎಳೆದ ಕೂಡಲೇ ಆ ತೂತಿನಿಂದ ಆಯಿಲ್ ಹೇಗೂ ಹೊರಗೆ ಬರುತ್ತದೆ, ಆದ್ದರಿಂದ ಮೊದಲೇ ಡ್ರೈನ್ ಮಾಡಿ, ಹೊಸ ಸೀಲ್ ಕೂರಿಸಿದ ಮೇಲೆ ಪೂರ್ತಿ ಹೊಸ ಆಯಿಲ್ ತುಂಬಿಸಿ.